ರೈಲುಗಳು ದೋಣಿ ಹತ್ತುತ್ತಿದ್ದ ಕಾಲ

ನಾನು ದಿನಾ ಬೆಳಿಗ್ಗೆ ಆಫೀಸಿಗೆ ಹೋಗೋದು ಜರ್ಸಿ ಸಿಟಿಯ ನ್ಯೂಪೋರ್ಟ್ ಸ್ಟೇಷನ್ನಿನಿಂದ. ಹಡ್ಸನ್ ನದಿಯ ಅಡಿಯಲ್ಲಿ ಹಾಯ್ದು ಮ್ಯಾನ್‌ಹಟನ್ ಸೇರುವ ಪಾತ್ ರೈಲು. ಎರಡು ವರ್ಷ ಓಡಾಡಿದರೂ ಅಲ್ಲಿನ ದಪ್ಪ ಕಂಬಗಳನ್ನು ಒಮ್ಮೆಯೂ ತಲೆಯೆತ್ತಿ ನೋಡಿರಲಿಲ್ಲ. ಮೊನ್ನೆ ರೈಲು ತಡವಾಯಿತು, ಮೊಬೈಲ್ ಬ್ಯಾಟರಿಯೂ ಖಾಲಿ. ಬೇರೆ ದಾರಿಯಿಲ್ಲದೆ ಮೇಲೆ ನೋಡಿದೆ :-) ಕಂಬದ ನೆತ್ತಿಯ ಮೇಲೆ ಇಂಗ್ಲಿಷಿನ ‘ಇ’ ಅಕ್ಷರ. ಪೂರ್ವ ದಿಕ್ಕನ್ನು ಸೂಚಿಸೋಕೆ ‘ಈಸ್ಟ್’ ಅಂತ ಇರಬೇಕು ಅಂದುಕೊಂಡೆ. ಆದರೆ ಎದುರು ಬದಿಯ ಕಂಬದಲ್ಲೂ ಅದೇ ‘ಇ’. ಎರಡೂ ಕಡೆ ಪೂರ್ವ ಹೇಗಾಗುತ್ತೆ?

ಮನೆಗೆ ಬಂದು ಹುಡುಕಿದರೆ ಅದು ‘ಈರಿ’. ಈರಿ ರೈಲ್‌ರೋಡ್. 1909ರಲ್ಲಿ ಈ ಸ್ಟೇಷನ್ ಶುರುವಾದಾಗ ಇದರ ಹೆಸರೇ ಈರಿ. ಮೇಲುಗಡೆ ಆ ಕಂಪೆನಿಯ ದೊಡ್ಡ ಟರ್ಮಿನಲ್, ಅದರಾಚೆ ನದಿಯವರೆಗೂ ಸಾಲು ಸಾಲು ಹಳಿ, ಹಳಿ ಮುಗಿದಲ್ಲಿ ದೋಣಿಗಳು. ಆ ಜಾಗಕ್ಕೆ ಪವೋನಿಯಾ ಅಂತ ಹೆಸರು. 1986ರಿಂದೀಚೆಗೆ ಆ ಪಾಳುಬಿದ್ದ ಯಾರ್ಡಿನ ಮೇಲೆ ಎದ್ದು ನಿಂತಿರೋದೇ ನಮ್ಮ ನ್ಯೂಪೋರ್ಟ್ ಅಪಾರ್ಟ್‌ಮೆಂಟುಗಳು. ಲಿಫ್ಟಿನಲ್ಲಿ ತೆಲುಗು, ತಮಿಳು, ಹಿಂದಿ, ಅದೃಷ್ಟವಿದ್ದ ದಿನ ಒಂಚೂರು ಕನ್ನಡವೂ ಕಿವಿಗೆ ಬೀಳುವ ಈ ಊರಿನಲ್ಲಿ, ನಾವೆಲ್ಲ ಮಲಗಿ ಏಳೋದು ಒಂದು ಗೂಡ್ಸ್ ಯಾರ್ಡಿನ ಮೇಲೆ!

ಅಲ್ಲಿಂದ ಶುರುವಾಯ್ತು ನೋಡಿ ಹುಚ್ಚು. ಮೂರು ವಾರ ರಾತ್ರಿಯೆಲ್ಲ ಅದನ್ನೇ ಓದಿದ್ದೇನೆ. ಸ್ವಲ್ಪ ನಿಮ್ಮ ತಲೆಗೂ ದಾಟಿಸೋಣ ಅಂತ ಈ ಬರಹ.

ಮೊದಲು ಭೂಗೋಳ. ಮ್ಯಾನ್‌ಹಟನ್ ಒಂದು ದ್ವೀಪ. ಪಶ್ಚಿಮಕ್ಕೆ ಸುಮಾರು ಒಂದು ಮೈಲಿ ಅಗಲದ ಹಡ್ಸನ್, ಆಚೆ ದಡ ನ್ಯೂಜೆರ್ಸಿ. ಅಮೆರಿಕದ ಒಳನಾಡಿನಿಂದ ಬರುವ ರೈಲು ಕಂಪೆನಿಗಳು ಒಂದಾದ ಮೇಲೊಂದು ಈ ದಡಕ್ಕೆ ಬಂದು ನಿಂತವು. ಎಕ್ಸ್‌ಚೇಂಜ್ ಪ್ಲೇಸಿನಲ್ಲಿ ಪೆನ್ಸಿಲ್ವೇನಿಯಾ, ಪವೋನಿಯಾದಲ್ಲಿ ಈರಿ, ಹೊಬೋಕನ್‌ನಲ್ಲಿ ಲ್ಯಾಕವಾನ, ಕಮ್ಯುನಿಪಾದಲ್ಲಿ ಜರ್ಸಿ ಸೆಂಟ್ರಲ್, ವೀಹಾಕನ್‌ನಲ್ಲಿ ವೆಸ್ಟ್ ಶೋರ್. ಎದುರಿಗೇ ನ್ಯೂಯಾರ್ಕ್ ಕಾಣುತ್ತೆ, ಹೋಗೋಕೆ ಹಳಿಯಿಲ್ಲ. ಉತ್ತರದಿಂದ ನೇರವಾಗಿ ದ್ವೀಪದೊಳಕ್ಕೆ ಗೂಡ್ಸ್ ತರುವ ಭಾಗ್ಯವಿದ್ದದ್ದು ನ್ಯೂಯಾರ್ಕ್ ಸೆಂಟ್ರಲ್ ಎಂಬ ಒಂದೇ ಕಂಪೆನಿಗೆ. ಸುರಂಗ ಬಂದದ್ದು 1908ರಲ್ಲಿ (ಅದೇ ಈಗಿನ ಪಾತ್), ಆಮೇಲೆ 1910ರಲ್ಲಿ ಪೆನ್ಸಿಲ್ವೇನಿಯಾ ಕಂಪೆನಿಯದ್ದು. ಎರಡೂ ಪ್ರಯಾಣಿಕರಿಗೆ. ಗೂಡ್ಸ್ ಗಾಡಿಗೆ ನೀರೇ ಗತಿ.

ಹಾಗಾಗಿ ರೈಲು ಕಂಪೆನಿಗಳೇ ದೋಣಿ ಕಟ್ಟಿಸಿದವು. ಒಂದೆರಡಲ್ಲ. ಭರಾಟೆಯ ಕಾಲದಲ್ಲಿ ಈ ಬಂದರಿನಲ್ಲಿ ರೈಲ್ವೆಗಳದ್ದೇ 150 ಟಗ್ ದೋಣಿಗಳು, ಬೋಗಿ ಹೊರುವ 323 ಬಾರ್ಜುಗಳು, ಉಳಿದ ಸಾಮಾನು ಹೊರುವ 1,094 ಬಾರ್ಜುಗಳು. ಸಣ್ಣಪುಟ್ಟ ದೇಶಗಳ ನೌಕಾಪಡೆಗಿಂತ ದೊಡ್ಡದು!

ಬೋಗಿ ಹೊರುವ ಬಾರ್ಜಿಗೆ ಕಾರ್‌ಫ್ಲೋಟ್ ಅಂತ ಹೆಸರು. ನಮ್ಮ ಸಾಗರದ ಕಡೆಯವರಿಗೆ ಇದನ್ನು ವಿವರಿಸೋದು ಸುಲಭ. 2025ರ ಜುಲೈನಲ್ಲಿ ಸೇತುವೆ ಆಗುವವರೆಗೂ ಸಿಗಂದೂರಿಗೆ ಹೋಗುವಾಗ ಶರಾವತಿ ಹಿನ್ನೀರಿನಲ್ಲಿ ಬಸ್ಸು, ಕಾರುಗಳನ್ನು ಲಾಂಚಿಗೆ ಹತ್ತಿಸುತ್ತಿದ್ದರಲ್ಲ, ಹಾಗೇ. ಆದರೆ ಇಲ್ಲಿ ಬಸ್ಸಿನ ಬದಲು ರೈಲು ಬೋಗಿ. ಬಾರ್ಜಿನ ಮೇಲೆ ಎರಡೋ ಮೂರೋ ಸಾಲು ಹಳಿ ಹಾಸಿರುತ್ತೆ. ಉದ್ದ ಮುನ್ನೂರು ಅಡಿ ದಾಟುತ್ತೆ. ದೊಡ್ಡದರಲ್ಲಿ ಇಪ್ಪತ್ತರ ಆಸುಪಾಸು ವ್ಯಾಗನ್.

ಸಮಸ್ಯೆ ಇರೋದು ಹತ್ತಿಸೋದರಲ್ಲಿ. ಬಸ್ಸಾದರೆ ನಾಲ್ಕು ಇಂಚು ಹೆಚ್ಚುಕಮ್ಮಿ ಆದರೂ ದಡಕ್ಕನೆ ಹತ್ತಿಬಿಡುತ್ತೆ. ಹಳಿಗೆ ಹಳಿ ಸೇರಬೇಕಾದರೆ ಆ ಆಟ ನಡೆಯಲ್ಲ. ನ್ಯೂಯಾರ್ಕ್ ಬಂದರಿನಲ್ಲಿ ಉಬ್ಬರವಿಳಿತ ನಾಲ್ಕೈದು ಅಡಿ. ಅದು ಸಾಲದು ಅಂತ ಒಂದೊಂದು ವ್ಯಾಗನ್ ಹತ್ತಿದಾಗಲೂ ಬಾರ್ಜು ಇನ್ನಷ್ಟು ಮುಳುಗುತ್ತೆ. ಅದಕ್ಕೆ ದಡದಲ್ಲಿ ಫ್ಲೋಟ್ ಬ್ರಿಡ್ಜ್. ಒಂದು ತುದಿ ನೆಲಕ್ಕೆ ಕೀಲಿನಂತೆ ಕೂಡಿಸಿದ್ದು, ಇನ್ನೊಂದು ತುದಿ ಎತ್ತರದ ಕಬ್ಬಿಣದ ಚೌಕಟ್ಟಿನಿಂದ ತೂಗುಬಿಟ್ಟದ್ದು. ಮೋಟಾರು, ಪ್ರತಿಭಾರ ಎಲ್ಲ ಸೇರಿ ಅದನ್ನು ನೀರಿನ ಮಟ್ಟಕ್ಕೆ ತಕ್ಕಂತೆ ಏರಿಸಿ ಇಳಿಸಬೇಕು. ಬಾರ್ಜಿನ ಹಳಿಗೆ ಹೊಂದಿಸಿ, ದಪ್ಪ ಪಿನ್ ಹಾಕಿ ಬಂಧಿಸಬೇಕು. ಆಮೇಲೂ ಒಂದೇ ಪಕ್ಕದ ಹಳಿಗೆಲ್ಲ ಬೋಗಿ ತಳ್ಳಿಬಿಟ್ಟರೆ ಬಾರ್ಜು ಮಗುಚಿಕೊಳ್ಳುತ್ತೆ. ಈ ಪಕ್ಕ ಸ್ವಲ್ಪ, ಆ ಪಕ್ಕ ಸ್ವಲ್ಪ ಅಂತ ತಕ್ಕಡಿ ತೂಗಿದ ಹಾಗೆ ಹತ್ತಿಸಬೇಕು. ಎಂಜಿನ್ ಮಾತ್ರ ಬ್ರಿಡ್ಜಿನ ಮೇಲೆ ಕಾಲಿಡುವ ಹಾಗಿಲ್ಲ, ಅದರ ಭಾರ ತಡೆಯಲ್ಲ. ನಡುವೆ ಒಂದಷ್ಟು ಖಾಲಿ ಬೋಗಿಗಳನ್ನು ಕೈಯುದ್ದಕ್ಕೆ ಸೇರಿಸಿಕೊಂಡು ದೂರದಿಂದಲೇ ತಳ್ಳಬೇಕು.

ಹತ್ತಿದ ಮೇಲೆ ಟಗ್ಗಿನ ಕೆಲಸ. ಅದು ಎಳೆದುಕೊಂಡು ಹೋಗೋದಿಲ್ಲ, ಎರಡು ಬಾರ್ಜುಗಳನ್ನು ಎರಡು ಕಂಕುಳಲ್ಲಿ ಇರುಕಿಕೊಂಡ ಹಾಗೆ ಅಕ್ಕಪಕ್ಕ ಕಟ್ಟಿಕೊಂಡು ಹೊರಡುತ್ತೆ. ವ್ಯಾಗನ್ನುಗಳ ಗೋಡೆಯ ಮೇಲಿಂದ ದಾರಿ ಕಾಣಲಿ ಅಂತಲೇ ರೈಲ್ವೆ ಟಗ್ಗುಗಳಲ್ಲಿ ಚುಕ್ಕಾಣಿ ಕೋಣೆಯನ್ನು ಅಷ್ಟು ಎತ್ತರದಲ್ಲಿ ಕಟ್ಟುತ್ತಿದ್ದರಂತೆ. ಮಂಜು, ಚಳಿಗಾಲದ ಐಸು, ಈಸ್ಟ್ ರಿವರಿನ ಸೆಳೆತ, ಅದರಾಚೆ ಹೆಲ್ ಗೇಟ್ ಅನ್ನೋ ಹೆಸರಿಗೆ ತಕ್ಕ ಸುಳಿಗಳ ಜಾಗ. ಇದನ್ನೆಲ್ಲ ದಾಟಿ ಬ್ರಾಂಕ್ಸಿನ ಯಾರ್ಡಿಗೆ ಇಡೀ ರೈಲನ್ನು ಒಯ್ಯುತ್ತಿದ್ದರು.

ಬರೀ ಗೂಡ್ಸ್ ಅಲ್ಲ. 1876ರಿಂದ ‘ಮೇರಿಲ್ಯಾಂಡ್’ ಎಂಬ ಉಗಿ ಹಡಗು ಪ್ರಯಾಣಿಕರ ಬೋಗಿಗಳನ್ನೇ ಜರ್ಸಿ ಸಿಟಿಯಿಂದ ಹಾರ್ಲೆಮ್ ನದಿಯ ದಡಕ್ಕೆ ಮ್ಯಾನ್‌ಹಟನ್ ಸುತ್ತುಹಾಕಿಕೊಂಡು ಸಾಗಿಸುತ್ತಿತ್ತು. ವಾಷಿಂಗ್ಟನ್ನಿನಲ್ಲಿ ಹತ್ತಿದವರು ಬೋಗಿಯಲ್ಲೇ ಮಲಗಿ, ತಾವು ನೀರಿನ ಮೇಲಿದ್ದದ್ದೇ ತಿಳಿಯದೆ ಬಾಸ್ಟನ್ನಿನಲ್ಲಿ ಏಳಬಹುದಿತ್ತು. ಆ ಹಡಗು 1888ರಲ್ಲಿ ಸುಟ್ಟುಹೋಯಿತು. ಬೇರೆ ಹಡಗು ಬಂತು. 1917ರಲ್ಲಿ ಹೆಲ್ ಗೇಟ್ ಸೇತುವೆ ಶುರುವಾದ ಮೇಲೆ ಅದರ ಅಗತ್ಯ ಉಳಿಯಲಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅನಾಥ ಯಾರ್ಡುಗಳು. ಮ್ಯಾನ್‌ಹಟನ್ನಿನ ಪಶ್ಚಿಮ ದಡದಲ್ಲಿ 26, 27, 28ನೇ ಬೀದಿಗಳ ಹತ್ತಿರ ಒಂದೊಂದು ಕಂಪೆನಿಗೆ ಒಂದೊಂದು ಪುಟ್ಟ ಯಾರ್ಡ್. ಹಳಿ ಇದೆ, ಬೋಗಿ ಇದೆ, ಗೋದಾಮು ಇದೆ. ಆದರೆ ತಮ್ಮ ಕಂಪೆನಿಯ ರೈಲುದಾರಿಗೆ ಒಂದಡಿ ಹಳಿಯ ಸಂಪರ್ಕವೂ ಇಲ್ಲ. ಬಂದದ್ದೆಲ್ಲ ನೀರಿನಿಂದ, ಹೋದದ್ದೂ ನೀರಿಗೆ. ಅಲ್ಲೇ 1931ರಲ್ಲಿ ಕಟ್ಟಿದ ಸ್ಟಾರೆಟ್-ಲೀಹೈ ಕಟ್ಟಡದ ನೆಲಮಹಡಿಯೊಳಕ್ಕೆ ಈ ದೋಣಿ ಇಳಿದ ವ್ಯಾಗನ್ನುಗಳು ಸೀದಾ ನುಗ್ಗುತ್ತಿದ್ದವು. ಕಟ್ಟಡ ಈಗಲೂ ಇದೆ, ಒಳಗೆ ಆಫೀಸುಗಳು.

ಇಂಥದ್ದೇ ಇನ್ನೊಂದು ಬ್ರಾಂಕ್ಸಿನ ದಡದಲ್ಲಿ, ಜರ್ಸಿ ಸೆಂಟ್ರಲ್‌ನದ್ದು. ಜಾಗ ಎಷ್ಟು ಇಕ್ಕಟ್ಟು ಅಂದರೆ ಗೋದಾಮನ್ನೇ ಗುಂಡಗೆ ಕಟ್ಟಿ ಸುತ್ತ ಹಳಿ ಬಳಸಿದ್ದರು. ನ್ಯೂಯಾರ್ಕ್ ನಗರದೊಳಗೆ ಉಗಿ ಎಂಜಿನ್ ಬೇಡ ಅಂತ 1923ರಲ್ಲಿ ಕಾಯ್ದೆ ಬಂತು. ಈ ಪುಟ್ಟ ಯಾರ್ಡಿಗೆ ವಿದ್ಯುತ್ ತಂತಿ ಎಳೆಯೋದು ಯಾವ ಲೆಕ್ಕದಲ್ಲೂ ಗಿಟ್ಟದು. ಹಾಗಾಗಿ 1925ರಲ್ಲಿ 300 ಅಶ್ವಶಕ್ತಿಯ ಒಂದು ಹೊಸ ಬಗೆಯ ಎಂಜಿನ್ ಕೊಂಡರು, ನಂಬರ್ 1000. ಅಮೆರಿಕದಲ್ಲಿ ವ್ಯಾಪಾರಕ್ಕೆ ಒದಗಿ ಯಶಸ್ವಿಯಾದ ಮೊದಲ ಡೀಸೆಲ್-ಎಲೆಕ್ಟ್ರಿಕ್ ಎಂಜಿನ್ ಅದೇ. ಉಗಿಬಂಡಿಯ ಯುಗ ಮುಗಿಸಿದ ಯಂತ್ರ ಕೆಲಸ ಕಲಿತದ್ದು, ಹೊರಗಿನ ಹಳಿಯನ್ನೇ ಕಾಣದ ಒಂದು ಮೂಲೆಯಲ್ಲಿ! 1957ರವರೆಗೂ ದುಡಿದು ಈಗ ಬಾಲ್ಟಿಮೋರಿನ ರೈಲ್ವೆ ಮ್ಯೂಸಿಯಮ್ಮಿನಲ್ಲಿ ವಿಶ್ರಾಂತಿ ತಗೊಳ್ತಿದೆ.

ಈಗ ದುಡ್ಡಿನ ಮಾತು. ಇಷ್ಟೆಲ್ಲ ಟಗ್ಗು, ಬಾರ್ಜು, ಜನ. ಖರ್ಚು ಯಾರು ಕೊಡುತ್ತಿದ್ದರು? ಗಿರಾಕಿ ಅಂತೂ ಪ್ರತ್ಯೇಕವಾಗಿ ಕೊಡುತ್ತಿರಲಿಲ್ಲ. ಷಿಕಾಗೋದಿಂದ ಜರ್ಸಿ ಸಿಟಿಗೆ ಎಷ್ಟು ಬಾಡಿಗೆಯೋ ನದಿ ದಾಟಿ ಬ್ರೂಕ್ಲಿನ್ನಿಗೂ ಅಷ್ಟೇ. ಒಂದು ಕಂಪೆನಿ ದೋಣಿಗೆ ದುಡ್ಡು ಕೇಳಿದರೆ ಗಿರಾಕಿ ಪಕ್ಕದ ಕಂಪೆನಿಗೆ ಹೋಗುತ್ತಾನೆ, ಹಾಗಾಗಿ ಎಲ್ಲರೂ ‘ಪುಕ್ಕಟೆ’. ನ್ಯೂಜೆರ್ಸಿಯವರಿಗೆ ಹೊಟ್ಟೆ ಉರಿಯಿತು. ರೈಲು ನಮ್ಮ ದಡದಲ್ಲೇ ನಿಲ್ಲುತ್ತೆ, ನದಿ ದಾಟಿಸುವ ಖರ್ಚು ನಮ್ಮ ತಲೆಗೆ ಯಾಕೆ, ನಮಗೆ ಬಾಡಿಗೆ ಕಡಿಮೆ ಮಾಡಿ ಅಂತ ಅಂತರರಾಜ್ಯ ವಾಣಿಜ್ಯ ಆಯೋಗದ ಮುಂದೆ ಹೋದರು. 1917ರಲ್ಲಿ ಆಯೋಗ ಒಪ್ಪಲಿಲ್ಲ. ಇಡೀ ಬಂದರು ಒಂದೇ, ಜಗಳ ಬಿಟ್ಟು ಕೂಡಿ ಕೆಲಸ ಮಾಡಿ ಅನ್ನುವ ಧಾಟಿಯ ತೀರ್ಪು. ಅದೇ ಚಳಿಗಾಲ ಬಂದರು ಹೆಪ್ಪುಗಟ್ಟಿ ನಗರಕ್ಕೆ ಕಲ್ಲಿದ್ದಲಿಲ್ಲದೆ ಪರದಾಡಿದ ಮೇಲೆ ಬುದ್ಧಿ ಬಂತು. ಎರಡೂ ರಾಜ್ಯಗಳು ಸೇರಿ 1921ರ ಏಪ್ರಿಲ್ 30ರಂದು ಪೋರ್ಟ್ ಅಥಾರಿಟಿ ಕಟ್ಟಿದವು. ಅದರ ಯೋಜನೆಯಲ್ಲಿ ಮುಖ್ಯವಾದದ್ದು, ಬಂದರಿನ ಅಡಿಯಲ್ಲಿ ಗೂಡ್ಸ್ ರೈಲಿಗೆ ಸುರಂಗ.

ಆ ಸುರಂಗ ಇವತ್ತಿನವರೆಗೂ ಆಗಿಲ್ಲ. ರೈಲು ಕಂಪೆನಿಗಳು ಒಬ್ಬರಿಗೊಬ್ಬರು ಒಪ್ಪಲಿಲ್ಲ. ರೈಲಿಗೆ ಸುರಂಗ ತೋಡಬೇಕಿದ್ದ ಸಂಸ್ಥೆ 1931ರಲ್ಲಿ ಜಾರ್ಜ್ ವಾಷಿಂಗ್ಟನ್ ಸೇತುವೆ, 1937ರಲ್ಲಿ ಲಿಂಕನ್ ಸುರಂಗ ಕಟ್ಟಿತು. ಎರಡೂ ರಸ್ತೆಗೆ. 1927ರ ಹಾಲೆಂಡ್ ಸುರಂಗವೂ ಅದರ ಕೈಗೆ ಬಂತು. ಲಾರಿಗಳು ಸಾಲುಗಟ್ಟಿದವು. ಬಾಗಿಲಿಗೇ ಸಾಮಾನು ತಂದಿಳಿಸುವ ಲಾರಿ ಎಲ್ಲಿ, ಉಬ್ಬರವಿಳಿತ ಕಾಯುವ ಬಾರ್ಜು ಎಲ್ಲಿ!

ಆದರೂ ಆ ಟಗ್ಗಿನವರಿಗೆ ಊರನ್ನೇ ನಿಲ್ಲಿಸುವ ತಾಕತ್ತಿತ್ತು. 1946ರ ಫೆಬ್ರವರಿಯಲ್ಲಿ ಬಂದರಿನ ಸುಮಾರು 3,500 ಟಗ್ ಕೆಲಸಗಾರರು ಮುಷ್ಕರ ಹೂಡಿದಾಗ ಕಲ್ಲಿದ್ದಲು, ಎಣ್ಣೆ ಬರದೆ ಮೇಯರ್ ವಿಲಿಯಂ ಓಡ್ವೈಯರ್ 12ರಂದು ಇಡೀ ನ್ಯೂಯಾರ್ಕಿಗೆ ಬೀಗ ಹಾಕಿಸಿದರು. 1961ರ ಜನವರಿಯ ಮುಷ್ಕರ ಪೂರ್ತಿ ರೈಲ್ವೆ ಟಗ್ಗು, ಫೆರಿಯವರದ್ದೇ. ಏಳು ನೂರಕ್ಕಿಂತ ಕಡಿಮೆ ಜನ. ಬೇರೆ ನೌಕರರು ಅವರ ಸಾಲನ್ನು ದಾಟಲು ಒಪ್ಪದೆ, ದೋಣಿಗೂ ತಮಗೂ ಸಂಬಂಧವಿಲ್ಲ ಅಂದುಕೊಂಡಿದ್ದ ಗ್ರ್ಯಾಂಡ್ ಸೆಂಟ್ರಲ್‌ನ ಪ್ರಯಾಣಿಕರೂ ಬೀದಿಯಲ್ಲಿ ನಿಂತರು. ಕೆನಡಿ ಅಧ್ಯಕ್ಷರಾಗಿ ಎರಡು ದಿನ ಆಗಿತ್ತಷ್ಟೆ, ಕಾರ್ಮಿಕ ಮಂತ್ರಿ ಆರ್ಥರ್ ಗೋಲ್ಡ್‌ಬರ್ಗ್ ಓಡಿ ಬಂದು ರಾಜಿ ಮಾಡಿಸಬೇಕಾಯಿತು. ಜಗಳ ಸಂಬಳದ್ದಲ್ಲ. ಉಗಿ ಹೋಗಿ ಡೀಸೆಲ್ ಬಂದಿದೆ, ಟಗ್ಗಿಗೆ ಇಷ್ಟು ಜನ ಯಾಕೆ ಅನ್ನೋದು ಕಂಪೆನಿಗಳ ವಾದ. ರಾಜಿಯಲ್ಲಿ ಆ ಪ್ರಶ್ನೆ ಬಗೆಹರಿಯಲಿಲ್ಲ, ಮುಂದಕ್ಕೆ ಹೋಯಿತು.

ಇದನ್ನು ಓದುವಾಗ ಸ್ವಲ್ಪ ಇರಿಸುಮುರಿಸಾಯಿತು ಅಂತ ಒಪ್ಪಿಕೊಳ್ಳಬೇಕು. ಕಳೆದ ಆರು ತಿಂಗಳಿಂದ ನಾನು ಬರೆಯುತ್ತಿರೋ ಕೋಡಿನ ಉದ್ದೇಶವೂ ಅದೇ. ಹದಿನಾಲ್ಕು ಜನ ಕೂತು ಎರಡು ಸಿಸ್ಟಮ್ಮುಗಳ ನಡುವೆ ಕೈಯಿಂದ ಡೇಟಾ ದಾಟಿಸುತ್ತಿದ್ದ ಕೆಲಸವನ್ನು ಮೂವರಿಗೆ ಇಳಿಸೋದು. ಅವರಲ್ಲೊಬ್ಬರು ನನ್ನ ಜೊತೆ ದಿನಾ ಕಾಫಿ ಕುಡಿಯುತ್ತಾರೆ. ‘ಬೇಗ ಮುಗಿಸಪ್ಪಾ’ ಅಂತ ತಮಾಷೆ ಮಾಡುತ್ತಾರೆ. ನಾನು ನಗುತ್ತೇನೆ. ಇರಲಿ ಬಿಡಿ.

ಇನ್ನು ಮುಗಿದ ಕಥೆಯೇ. 1956ರ ಏಪ್ರಿಲ್‌ನಲ್ಲಿ ‘ಐಡಿಯಲ್ ಎಕ್ಸ್’ ಎಂಬ ಹಡಗು 58 ಕಂಟೇನರ್ ಹೊತ್ತು ನ್ಯೂಯಾರ್ಕ್‌ನಿಂದಲ್ಲ, ನ್ಯೂಜೆರ್ಸಿಯ ನ್ಯೂಆರ್ಕ್‌ನಿಂದ ಹೊರಟಿತು. ಹಡಗು ರೈಲಿನ ದಡಕ್ಕೇ ಬಂದ ಮೇಲೆ ಮ್ಯಾನ್‌ಹಟನ್ನಿನ ದಕ್ಕೆಗಳಿಗೆ ಸಾಮಾನು ದಾಟಿಸುವ ಬಾರ್ಜಿಗೆ ಏನು ಕೆಲಸ? ಪವೋನಿಯಾದ ಫೆರಿ 1958ರಲ್ಲಿ ನಿಂತಿತು, ವೀಹಾಕನ್‌ನದ್ದು 1959ರಲ್ಲಿ, ಜರ್ಸಿ ಸೆಂಟ್ರಲ್‌ನದ್ದು 1967ರ ಏಪ್ರಿಲ್‌ನಲ್ಲಿ. ಎಲ್ಲಿಸ್ ದ್ವೀಪದಿಂದ ಬಂದ ಲಕ್ಷಾಂತರ ವಲಸಿಗರು ಅಮೆರಿಕದ ಮೊದಲ ರೈಲು ಹತ್ತಿದ ಟರ್ಮಿನಲ್ ಅದು, 1889ರದ್ದು. ಕಟ್ಟಡ ಲಿಬರ್ಟಿ ಸ್ಟೇಟ್ ಪಾರ್ಕಿನಲ್ಲಿ ಉಳಿದಿದೆ, ಹಳಿಯಿಲ್ಲ. ಹೊಬೋಕನ್ನಿನ ಕೊನೆಯ ರೈಲ್ವೆ ಫೆರಿ 1967ರ ನವೆಂಬರ್ 22ರಂದು ದಾಟಿತು. ಅಲ್ಲಿ ಓಡುತ್ತಿದ್ದ 1905ರ ‘ಬಿಂಗ್‌ಹ್ಯಾಮ್‌ಟನ್’ ದೋಣಿ ಮುಂದೆ ಎಜ್‌ವಾಟರಿನಲ್ಲಿ ಹೋಟೆಲಾಗಿ, ಪಾಳುಬಿದ್ದು, 2017ರಲ್ಲಿ ಗುಜರಿಗೆ ಹೋಯಿತು. 1968ರಲ್ಲಿ ಒಂದಾದ ಪೆನ್ ಸೆಂಟ್ರಲ್ 1970ರಲ್ಲಿ ದಿವಾಳಿ ಎದ್ದಿತು. ಬಾರ್ಜುಗಳಲ್ಲಿ ಎಷ್ಟೋ ಕೆಸರಲ್ಲಿ ಕೊಳೆತವು. 1914ರ ಒಂದು ಮರದ ಬಾರ್ಜು, ಲೀಹೈ ವ್ಯಾಲಿ ನಂಬರ್ 79, ಕೆಸರಿನಿಂದ ಎದ್ದು ಬಂದು ಬ್ರೂಕ್ಲಿನ್ನಿನ ರೆಡ್ ಹುಕ್‌ನಲ್ಲಿ ತೇಲುವ ಮ್ಯೂಸಿಯಂ ಆಗಿದೆ. ಲಾಂಗ್ ಐಲ್ಯಾಂಡ್ ಸಿಟಿಯ ಪಾರ್ಕಿನಲ್ಲಿ 1925ರ ಫ್ಲೋಟ್ ಬ್ರಿಡ್ಜುಗಳ ಕಪ್ಪು ಚೌಕಟ್ಟುಗಳು ನಿಂತಿವೆ. ಅದರ ಮುಂದೆ ನಿಂತು ನಾನೂ ಫೋಟೋ ತೆಗೆಸಿಕೊಂಡಿದ್ದೆ, ಏನದು ಅಂತ ಕೇಳದೆ.

ಪೂರ್ತಿ ಸತ್ತಿಲ್ಲ ಅನ್ನೋದು ತಿಳಿದದ್ದು ಕೊನೆಗೆ. ಜರ್ಸಿ ಸಿಟಿಯ ಗ್ರೀನ್‌ವಿಲ್ ಯಾರ್ಡಿನಿಂದ ಬ್ರೂಕ್ಲಿನ್ನಿನ 65ನೇ ಬೀದಿಗೆ ಒಂದು ಕಾರ್‌ಫ್ಲೋಟ್ ಇನ್ನೂ ಓಡುತ್ತೆ. 2008ರಲ್ಲಿ ಅದನ್ನು ಕೊಂಡು ಉಳಿಸಿದ್ದು ಯಾರು ಗೊತ್ತಾ? ಅದೇ ಪೋರ್ಟ್ ಅಥಾರಿಟಿ! 2012ರ ಸ್ಯಾಂಡಿ ಚಂಡಮಾರುತ ಗ್ರೀನ್‌ವಿಲ್ಲಿನ ಬ್ರಿಡ್ಜುಗಳನ್ನು ಮುರಿದರೂ ರಿಪೇರಿ ಮಾಡಿಸಿ, ಹೊಸ ಬಾರ್ಜು ಕಟ್ಟಿಸಿದ್ದಾರೆ.

ಹೋದ ಶನಿವಾರ ಅದನ್ನು ನೋಡಲೇಬೇಕು ಅಂತ ಸ್ಟ್ಯಾಟನ್ ಐಲ್ಯಾಂಡ್ ಫೆರಿ ಹತ್ತಿದೆ (ಟಿಕೆಟ್ಟಿಲ್ಲ, ಪುಕ್ಕಟೆ). ಹೋಗುವಾಗ ಕಾಣಲಿಲ್ಲ. ಬರುವಾಗ ಕಾಣಲಿಲ್ಲ. ಹಟಕ್ಕೆ ಬಿದ್ದು ಮತ್ತೆ ಹತ್ತಿದೆ. ನಾಲ್ಕನೇ ಸಲ, ಎಲ್ಲರೂ ಲಿಬರ್ಟಿ ಪ್ರತಿಮೆಯ ಫೋಟೋಗೆ ಒಂದು ಪಕ್ಕ ಮುಗಿಬಿದ್ದಿದ್ದಾಗ, ದಕ್ಷಿಣಕ್ಕೆ ಬಲು ನಿಧಾನವಾಗಿ ಒಂದು ಟಗ್ಗು, ಪಕ್ಕದಲ್ಲಿ ತಗ್ಗಾದ ಬಾರ್ಜು, ಮೇಲೆ ಕಂದು ಬಣ್ಣದ ವ್ಯಾಗನ್ನುಗಳು. ಎಣಿಸಿದೆ. ಹನ್ನೊಂದಿದ್ದವು.