ಸ್ವಯಂ ಪಕ್ಕವಾದ್ಯ ತಂತ್ರಾಂಶ

ಸ್ವಯಂ ಪಕ್ಕವಾದ್ಯ ತಂತ್ರಾಂಶ ಎಂಬುದು ಬಳಕೆದಾರರು ನಮೂದಿಸಿದ ಕಾರ್ಡ್‌ಗಳ ಅನುಕ್ರಮವನ್ನು ಆಧರಿಸಿ ಡ್ರಮ್ಸ್, ಬೇಸ್, ಪಿಯಾನೊ, ಗಿಟಾರ್ ಮುಂತಾದ ವಾದ್ಯಗಳ ಹಿನ್ನೆಲೆ ವಾದನವನ್ನು ತಾನಾಗಿಯೇ ರಚಿಸಿ ನುಡಿಸುವ ತಂತ್ರಾಂಶವಾಗಿದೆ. ಪಾಶ್ಚಾತ್ಯ ಸಂಗೀತದಲ್ಲಿ ಏಕಕಾಲಕ್ಕೆ ನುಡಿಯುವ, ಸಾಮಾನ್ಯವಾಗಿ ಮೂರು ಅಥವಾ ಹೆಚ್ಚು ಸ್ವರಗಳ ಗುಂಪಿಗೆ ಕಾರ್ಡ್ ಎಂದು ಹೆಸರು. ಪಕ್ಕವಾದ್ಯಗಾರರು ದೊರೆಯದ ವಿದ್ಯಾರ್ಥಿಗಳು ಮನೆಯಲ್ಲಿ ಅಭ್ಯಾಸ ಮಾಡಲು ಇದನ್ನು ಬಳಸುತ್ತಾರೆ. ನುಡಿಸಬೇಕಾದ ರಚನೆಯನ್ನು ಬರೆದು ಮುದ್ರಿಸಿಕೊಳ್ಳಲು ಇದರೊಡನೆ ಸ್ವರಲಿಪಿ ತಂತ್ರಾಂಶವನ್ನೂ ಬಳಸುವುದು ರೂಢಿಯಲ್ಲಿದೆ.

ಇತಿಹಾಸ

ಪಕ್ಕವಾದ್ಯವನ್ನು ಮಾತ್ರ ಧ್ವನಿಮುದ್ರಿಸಿ, ಮುಖ್ಯ ವಾದ್ಯದ ಸ್ಥಾನವನ್ನು ವಿದ್ಯಾರ್ಥಿಗಾಗಿ ಖಾಲಿ ಬಿಡುವ ಪದ್ಧತಿ ಗಣಕಯಂತ್ರಕ್ಕಿಂತ ಹಳೆಯದು. ಅಮೆರಿಕದಲ್ಲಿ 1950ರಲ್ಲಿ ಅರ್ವ್ ಕ್ರಾಟ್ಕಾ ಅವರು 'ಮ್ಯೂಸಿಕ್ ಮೈನಸ್ ಒನ್' ಎಂಬ ಧ್ವನಿಮುದ್ರಿಕೆ ಸಂಸ್ಥೆಯನ್ನು ಆರಂಭಿಸಿದರು. 1967ರಲ್ಲಿ ಜೇಮಿ ಏಬರ್ಸೋಲ್ಡ್ ಅವರು ಜಾಝ್ ಕಲಿಯುವವರಿಗಾಗಿ ಇಂಥದೇ ಮಾಲಿಕೆಯನ್ನು ಹೊರತಂದರು. ಈ ತಟ್ಟೆಗಳಲ್ಲಿ ಒಂದು ತೊಡಕಿತ್ತು: ತಿರುಗುವ ವೇಗವನ್ನು ತಗ್ಗಿಸಿದರೆ ಶ್ರುತಿಯೂ ಇಳಿಯುತ್ತಿತ್ತು. ನಿಧಾನವಾಗಿ ಅಭ್ಯಾಸ ಮಾಡಬೇಕಾದವರಿಗೆ ಇದು ಅನನುಕೂಲವಾಗಿತ್ತು.

1983ರಲ್ಲಿ ಬಳಕೆಗೆ ಬಂದ ಮಿಡಿ ಮಾನದಂಡವು ಈ ತೊಡಕನ್ನು ನಿವಾರಿಸಿತು. ಮಿಡಿ ಕಡತದಲ್ಲಿ ಧ್ವನಿ ಇರುವುದಿಲ್ಲ. ಯಾವ ಸ್ವರವನ್ನು, ಯಾವಾಗ, ಎಷ್ಟು ಬಲದಿಂದ ನುಡಿಸಬೇಕು ಎಂಬ ಸೂಚನೆಗಳಷ್ಟೇ ಇರುತ್ತವೆ. ಆದ್ದರಿಂದ ವೇಗವನ್ನೂ ಶ್ರುತಿಯನ್ನೂ ಬೇರೆಬೇರೆಯಾಗಿ ಬದಲಿಸಬಹುದು. ಈ ತಳಹದಿಯ ಮೇಲೆ ಕೆನಡಾದ ಪೀಟರ್ ಗ್ಯಾನನ್ ಅವರು ರೂಪಿಸಿದ 'ಬ್ಯಾಂಡ್-ಇನ್-ಎ-ಬಾಕ್ಸ್' 1990ರಲ್ಲಿ ಬಿಡುಗಡೆಯಾಯಿತು. ಇದು ಈ ವರ್ಗದ ಅತ್ಯಂತ ಪರಿಚಿತ ತಂತ್ರಾಂಶಗಳಲ್ಲಿ ಒಂದು. ನಂತರದ ಆವೃತ್ತಿಗಳಲ್ಲಿ ಕಲಾವಿದರು ನುಡಿಸಿದ ನೈಜ ಧ್ವನಿಮುದ್ರಣದ ತುಣುಕುಗಳನ್ನು ಜೋಡಿಸುವ ವ್ಯವಸ್ಥೆಯೂ ಸೇರಿತು.

ಕಾರ್ಯವಿಧಾನ

ತೆರೆಯ ಮೇಲೆ ಬಾರ್‌ಗಳ ಮನೆಗಳನ್ನು ಹಾಕಿರಲಾಗುತ್ತದೆ. ಬಳಕೆದಾರರು ಪ್ರತಿ ಮನೆಯಲ್ಲಿ ಕಾರ್ಡ್‌ನ ಹೆಸರನ್ನು ನಮೂದಿಸಿ, ಶ್ರುತಿ, ಕಾಲಪ್ರಮಾಣ ಹಾಗೂ ಶೈಲಿಯನ್ನು ಆರಿಸುತ್ತಾರೆ. ಸ್ವಿಂಗ್, ವಾಲ್ಟ್ಸ್, ಬೋಸಾ ನೋವಾ ಮುಂತಾದ ಒಂದೊಂದು ಶೈಲಿಯೂ ಪ್ರತಿ ವಾದ್ಯಕ್ಕೆ ಸಿದ್ಧ ನಡೆಗಳ ಸಂಗ್ರಹವನ್ನು ಹೊಂದಿರುತ್ತದೆ. ತಂತ್ರಾಂಶವು ಅವುಗಳಿಂದ ಆಯ್ದು, ಆಯಾ ಕಾರ್ಡ್‌ಗೆ ಹೊಂದಿಸಿ ನುಡಿಸುತ್ತದೆ.

ಉದಾಹರಣೆಗೆ, 12 ಬಾರ್‌ಗಳ ಬ್ಲೂಸ್‌ನ ಸರಳ ರೂಪವನ್ನು ಸಿ ಶ್ರುತಿಯಲ್ಲಿ ಹೀಗೆ ನಮೂದಿಸಬಹುದು: ಸಿ7 ನಾಲ್ಕು ಬಾರ್, ಎಫ್7 ಎರಡು, ಸಿ7 ಎರಡು, ಜಿ7 ಒಂದು, ಎಫ್7 ಒಂದು, ಕೊನೆಗೆ ಸಿ7 ಎರಡು. ಇಷ್ಟರಿಂದಲೇ ಹಿನ್ನೆಲೆ ಸಿದ್ಧವಾಗುತ್ತದೆ. ಆದರೆ ಕಾರ್ಡ್ ತಪ್ಪಾಗಿ ನಮೂದಾದರೆ ಇಡೀ ಮೇಳವೂ ಆ ತಪ್ಪನ್ನೇ ನುಡಿಸುತ್ತದೆ.

ಸ್ವರಲಿಪಿ ತಂತ್ರಾಂಶ

ಫಿನಾಲೆ (1988), ಸಿಬೇಲಿಯಸ್ (1993) ಹಾಗೂ ಮುಕ್ತ ತಂತ್ರಾಂಶವಾದ ಮ್ಯೂಸ್‌ಸ್ಕೋರ್ ಈ ವರ್ಗದಲ್ಲಿ ಪ್ರಮುಖವಾದವು. ಬಿ-ಫ್ಲ್ಯಾಟ್ ಕ್ಲಾರಿನೆಟ್‌ನಂತಹ ವಾದ್ಯಗಳಿಗೆ ಸ್ವರವನ್ನು ಕೇಳಿಸುವುದಕ್ಕಿಂತ ಒಂದು ಪೂರ್ಣಸ್ವರ ಮೇಲೆ ಬರೆಯಬೇಕಾಗುತ್ತದೆ. ಈ ಸ್ಥಾನಾಂತರವನ್ನು ತಂತ್ರಾಂಶವೇ ಮಾಡಿಕೊಡುತ್ತದೆ.

ಪಕ್ಕವಾದ್ಯದ ಮಿಡಿ ಕಡತವನ್ನು ನೇರವಾಗಿ ಸ್ವರಲಿಪಿಗೆ ತಂದಾಗ ಬರಹವು ಅಸ್ತವ್ಯಸ್ತವಾಗುವುದುಂಟು. ಮಿಡಿಯಲ್ಲಿ ಸ್ವರಗಳಿಗೆ 0ರಿಂದ 127ರವರೆಗಿನ ಸಂಖ್ಯೆಗಳಿವೆ. ಮಧ್ಯ ಸಿ ಸ್ವರದ ಸಂಖ್ಯೆ 60. ಅದರ ಮೇಲಿನ ಸಿ-ಶಾರ್ಪ್ ಮತ್ತು ಡಿ-ಫ್ಲ್ಯಾಟ್ ಎರಡಕ್ಕೂ 61. ಬರಹದಲ್ಲಿ ಇವು ಬೇರೆಬೇರೆಯಾಗಿರುವುದರಿಂದ ಸರಿಯಾದುದನ್ನು ವಿದ್ಯಾರ್ಥಿಯೇ ನಿರ್ಧರಿಸಬೇಕು. ಬರಹದ ವಿವರಗಳನ್ನು ಉಳಿಸಿಕೊಂಡು ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಸಾಗಿಸಲು 2004ರಲ್ಲಿ ಪ್ರಕಟವಾದ ಮ್ಯೂಸಿಕ್‌ಎಕ್ಸ್‌ಎಂಎಲ್ ರೂಪ ಹೆಚ್ಚು ಸೂಕ್ತ. 2024ರಲ್ಲಿ ಫಿನಾಲೆಯ ಅಭಿವೃದ್ಧಿ ನಿಂತುಹೋದಾಗ, ಹಳೆಯ ಬರಹಗಳನ್ನು ಈ ರೂಪದಲ್ಲಿ ಉಳಿಸಿಕೊಳ್ಳುವುದರ ಮಹತ್ವ ಎದ್ದುಕಂಡಿತು.

ಅಭ್ಯಾಸದಲ್ಲಿ ಬಳಕೆ

ಸಾಮಾನ್ಯವಾಗಿ ಅನುಸರಿಸುವ ಕ್ರಮ ಹೀಗಿದೆ:

1. ಮೂಲ ಧ್ವನಿಮುದ್ರಣವನ್ನು ಕೇಳಿ, ಕಾರ್ಡ್‌ಗಳನ್ನು ಕಿವಿಯಿಂದಲೇ ಗುರುತಿಸಿ ಬರೆಯಲು ಯತ್ನಿಸುವುದು.
2. ಅವುಗಳನ್ನು ನಮೂದಿಸಿ, ಹಿನ್ನೆಲೆಯನ್ನು ಮೂಲದೊಡನೆ ಹೋಲಿಸಿ ತಿದ್ದುವುದು.
3. ನಿಮಿಷಕ್ಕೆ 60 ಬಡಿತಗಳಂತಹ ನಿಧಾನ ಗತಿಯಲ್ಲಿ ಆರಂಭಿಸಿ, ತಪ್ಪಿಲ್ಲದೆ ಬಂದ ಮೇಲೆ ಸ್ವಲ್ಪಸ್ವಲ್ಪವಾಗಿ ಹೆಚ್ಚಿಸುವುದು.
4. ಕಷ್ಟದ ಬಾರ್‌ಗಳನ್ನು ಮಾತ್ರ ಆವರ್ತಿಸುವುದು.
5. ತಾನು ನುಡಿಸುವ ವಾದ್ಯವನ್ನು ಹಿನ್ನೆಲೆಯಲ್ಲಿ ಮೌನಗೊಳಿಸುವುದು. ಕೊನೆಗೆ ಒಂದೊಂದೇ ವಾದ್ಯವನ್ನು ನಿಲ್ಲಿಸಿ ಲಯವನ್ನು ತಾನೇ ಹಿಡಿದಿಡುವುದು.

ಇವುಗಳಲ್ಲಿ ಮೊದಲ ಹಾಗೂ ಕೊನೆಯ ಹಂತಗಳು ಅತಿ ಮುಖ್ಯವಾದವು. ಸಿದ್ಧ ಕಡತವನ್ನು ತಂದು ಹಿನ್ನೆಲೆಯೊಡನೆ ಸುಮ್ಮನೆ ನುಡಿಸುವುದರಿಂದ ಕಿವಿಯೂ ಲಯಜ್ಞಾನವೂ ಅಷ್ಟಾಗಿ ಬೆಳೆಯಲಾರವು.

ಮಿತಿಗಳು

ನಿಗದಿತ ಗತಿಯಲ್ಲಿ ಸಾಗುವ ಇಂಥ ಹಿನ್ನೆಲೆಯು ವಾದಕನನ್ನು ಆಲಿಸುವುದಿಲ್ಲ. ವಾದಕ ತಡವರಿಸಿದರೆ ಅದು ಕಾಯುವುದಿಲ್ಲ. ಭಾವಕ್ಕಾಗಿ ಒಂದು ಸ್ವರದ ಮೇಲೆ ನಿಂತರೂ ಮುಂದೆ ಸಾಗುತ್ತದೆ. ಮನುಷ್ಯ ಪಕ್ಕವಾದ್ಯಗಾರ ಮಾಡುವ ಹೊಂದಾಣಿಕೆ, ಪ್ರಶ್ನೋತ್ತರ ಹಾಗೂ ಪ್ರೋತ್ಸಾಹ ಇಲ್ಲಿಲ್ಲ. ಆದ್ದರಿಂದ ಇದು ಸಹವಾದನಕ್ಕೆ ಸಿದ್ಧತೆಯೇ ಹೊರತು ಅದಕ್ಕೆ ಪರ್ಯಾಯವಲ್ಲ.

ಕರ್ನಾಟಕ ಸಂಗೀತದಲ್ಲಿ

ಕರ್ನಾಟಕ ಸಂಗೀತವು ಕಾರ್ಡ್‌ಗಳನ್ನು ಆಧರಿಸಿಲ್ಲವಾದ್ದರಿಂದ ಈ ತಂತ್ರಾಂಶಗಳು ಅದಕ್ಕೆ ನೇರವಾಗಿ ಒಗ್ಗುವುದಿಲ್ಲ. ಅಲ್ಲಿ ಏಕಾಂತ ಅಭ್ಯಾಸಕ್ಕೆ ಬೇಕಾದುದು ಆಧಾರಶ್ರುತಿ ಮತ್ತು ತಾಳ. ಈ ಅಗತ್ಯವನ್ನು ವಿದ್ಯುನ್ಮಾನ ತಂಬೂರಿಗಳು ಪೂರೈಸಿವೆ; ಅವುಗಳನ್ನು ರೂಪಿಸಿದವರಲ್ಲಿ ಬೆಂಗಳೂರಿನ ಜಿ. ರಾಜ್ ನಾರಾಯಣ್ ಪ್ರಮುಖರು. ಇಂದು ಮೊಬೈಲ್ ಫೋನಿನಲ್ಲಿಯೂ ತಂಬೂರಿ ಮತ್ತು ತಾಳದ ಆ್ಯಪ್‌ಗಳು ದೊರೆಯುತ್ತವೆ.

ಬರಹದಲ್ಲಿಯೂ ಇಂತಹ ಭಿನ್ನತೆಯಿದೆ. ಸ್ಟಾಫ್ ನೊಟೇಷನ್ ಸ್ವರಸ್ಥಾನವನ್ನೂ ಅವಧಿಯನ್ನೂ ತೋರಿಸಬಲ್ಲದು. ಗಮಕವನ್ನು ಪೂರ್ಣವಾಗಿ ತೋರಿಸಲಾರದು. 1904ರಲ್ಲಿ ಪ್ರಕಟವಾದ ಸುಬ್ಬರಾಮ ದೀಕ್ಷಿತರ 'ಸಂಗೀತ ಸಂಪ್ರದಾಯ ಪ್ರದರ್ಶಿನಿ'ಯಲ್ಲಿ ಗಮಕಗಳಿಗಾಗಿಯೇ ಪ್ರತ್ಯೇಕ ಚಿಹ್ನೆಗಳನ್ನು ಬಳಸಲಾಗಿದೆ. ಹಾಗಿದ್ದರೂ ಬರಹವು ನೆನಪಿನ ನೆರವಾಗಿಯೇ ಉಳಿದಿದ್ದು, ಗಮಕದ ಕಲಿಕೆ ಗುರುಮುಖದಿಂದಲೇ ನಡೆದುಬಂದಿದೆ.