ರಾಮಪುರ: ಜನ ಮತ್ತು ಜಾತಿಗಳು

ರಾಮಪುರ ಹಳೆಯ ಮೈಸೂರು ಸೀಮೆಯ ಒಂದು ಬೇಸಾಯದ ಹಳ್ಳಿ. ಈ ಹೆಸರು ಊರಿನ ನಿಜನಾಮವಲ್ಲ. 1948ರಲ್ಲಿ ಅಲ್ಲಿ ತಂಗಿ ಕ್ಷೇತ್ರಕಾರ್ಯ ನಡೆಸಿದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ (1916–1999) ತಮ್ಮ ಬರಹಗಳಲ್ಲಿ ಅದನ್ನು ಹೀಗೆ ಕರೆದರು. ಭಾರತದ ಹಳ್ಳಿಯ ಸಮಾಜವನ್ನು ಕುರಿತ ಚರ್ಚೆಯಲ್ಲಿ ಇಷ್ಟು ಮತ್ತೆ ಮತ್ತೆ ಪ್ರಸ್ತಾಪವಾಗುವ ಊರುಗಳು ಕಡಿಮೆ.

ಆಗಿನ ಜನಸಂಖ್ಯೆ ಸುಮಾರು 1,500. ಹತ್ತೊಂಬತ್ತು ಹಿಂದೂ ಜಾತಿಗಳಿದ್ದವು, ಮುಸಲ್ಮಾನರಿದ್ದರು. ಅರ್ಧದಷ್ಟು ಜನ ಒಕ್ಕಲಿಗರು. ಅವರ ನಂತರ ಕುರುಬರು. ಹೊಲೆಯರು, ಲಿಂಗಾಯತರು, ಬ್ರಾಹ್ಮಣರು, ಕುಂಬಾರ, ಅಗಸ, ಕ್ಷೌರಿಕರ ಮನೆಗಳೂ ಇದ್ದವು. ಬ್ರಾಹ್ಮಣರಲ್ಲಿ ಅನೇಕರು ಓದು, ನೌಕರಿ ಎಂದು ಪಟ್ಟಣ ಸೇರಿದ್ದರು.

ತಲೆ ಎಣಿಸಿದರೆ ಊರು ಅರ್ಥವಾಗುವುದಿಲ್ಲ. ಗದ್ದೆ ಹೊಲಗಳ ಬಹುಪಾಲು ಒಕ್ಕಲಿಗರ ಕೈಯಲ್ಲಿತ್ತು. ಪಟೇಲರೂ ಒಕ್ಕಲಿಗರೇ, ಬೇರೆ ಜಾತಿಗಳ ಜಗಳವೂ ಅವರ ಹಿರಿಯರ ಜಗಲಿಗೆ ನ್ಯಾಯಕ್ಕೆ ಬರುತ್ತಿತ್ತು. ಶಾಸ್ತ್ರದ ಲೆಕ್ಕದಲ್ಲಿ ಬ್ರಾಹ್ಮಣ ಮೇಲಿದ್ದರೂ ಊರಿನಲ್ಲಿ ಮಾತು ನಡೆಯುತ್ತಿದ್ದುದು ಒಕ್ಕಲಿಗರದು. ಸಂಖ್ಯಾಬಲ ಮತ್ತು ಭೂಮಿ ಒಂದೆಡೆ ಕೂಡಿದಾಗ ಹುಟ್ಟುವ ಈ ಹಿಡಿತವನ್ನು ವಿವರಿಸಲು ಶ್ರೀನಿವಾಸ್ ‘ಪ್ರಬಲ ಜಾತಿ’ ಎಂಬ ಪರಿಕಲ್ಪನೆಯನ್ನು ರೂಪಿಸಿದರು. ರಾಮಪುರದ ಪ್ರಬಲ ಜಾತಿಯನ್ನೇ ಕುರಿತ ಅವರ ಲೇಖನ 1959ರಲ್ಲಿ ಬಂತು.

ಮೇಲು ಕೀಳುಗಳ ಏಣಿಯ ಎರಡು ತುದಿಗಳು ಎಲ್ಲರಿಗೂ ಗೊತ್ತಿದ್ದವು, ನಡುವಿನ ಮೆಟ್ಟಿಲುಗಳಿಗೆ ಮಾತ್ರ ತಕರಾರು. ಅಕ್ಕಸಾಲಿಗ, ಕಮ್ಮಾರ ಕಸುಬಿನ ವಿಶ್ವಕರ್ಮರು ಜನಿವಾರ ಹಾಕಿಕೊಂಡು ಬ್ರಾಹ್ಮಣರಿಗೆ ಸಮನೆನ್ನುತ್ತಿದ್ದರು. ಆದರೆ ಜಾತಿಗಳ ಹಳೆಯ ಎಡಗೈ–ಬಲಗೈ ವಿಂಗಡಣೆಯಲ್ಲಿ ಅವರು ಎಡಗೈ ಪಂಗಡದವರೆಂಬ ಕಾರಣಕ್ಕೆ, ಅಸ್ಪೃಶ್ಯರೆನಿಸಿಕೊಂಡ ಹೊಲೆಯರೂ ಅವರ ಮನೆಯ ಅನ್ನ ನೀರು ಮುಟ್ಟುತ್ತಿರಲಿಲ್ಲ. ಯಾರ ಕೈಯ ನೀರು ಯಾರು ಕುಡಿಯುತ್ತಾರೆ ಎಂಬುದೇ ಊರಿನ ನಿಜವಾದ ಅಳತೆಗೋಲು.

ಹೊಲೆಯರ ಮನೆತನಗಳು ಒಕ್ಕಲಿಗ ಮನೆತನಗಳಿಗೆ ತಲೆಮಾರಿನಿಂದ ‘ಹಳೇಮಗ’ನ ಕಟ್ಟಿಗೆ ಒಳಪಟ್ಟಿದ್ದವು. ಒಡೆಯನ ಮನೆಯಲ್ಲಿ ಮದುವೆಯಾದರೆ ಚಪ್ಪರ ಹಾಕುವುದು, ಸೌದೆ ಒಡೆಯುವುದು, ಉಂಡವರ ಎಂಜಲೆಲೆ ತೆಗೆಯುವುದು ಹಳೇಮಗನ ಪಾಲು. ಸಾಲ ತೀರುವ ತನಕ ಜೀತಕ್ಕಿದ್ದವರೂ ಇದ್ದರು. ಕುಶಲಕರ್ಮಿಗಳಿಗೆ ಸುಗ್ಗಿಯಲ್ಲಿ ಕಾಳು, ಹುಲ್ಲು ಸಲ್ಲುತ್ತಿತ್ತು. ಇದನ್ನು ಪರಸ್ಪರ ಆಸರೆ ಎಂದು ಮಾತ್ರ ಬಣ್ಣಿಸುವುದು ಅನ್ಯಾಯ: ‘ಮಗ’ ಎನಿಸಿಕೊಂಡವನಿಗೆ ಆ ಮನೆಯ ಹೊಸಿಲು ದಾಟುವ ಹಕ್ಕಿರಲಿಲ್ಲ.

1950ರ ದಶಕದಲ್ಲಿ ಬಸ್ಸು, ಅಕ್ಕಿ ಗಿರಣಿ, ವಿದ್ಯುತ್ ಬಂದವು. ಅವಕ್ಕೆ ಬಂಡವಾಳ ಹೂಡಿದವರು ಭೂಮಿಯುಳ್ಳವರೇ ಆದ್ದರಿಂದ ಹಳೆಯ ಹಿಡಿತ ಹೊಸ ದಾರಿಗಳಿಗೂ ಹಬ್ಬಿತು.

1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಶ್ರೀನಿವಾಸರು ರಾಮಪುರದ ಬಗ್ಗೆ ವರ್ಷಗಟ್ಟಲೆ ಸಿದ್ಧಪಡಿಸಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು ಸುಟ್ಟುಹೋದವು. ನೆನಪಿನಿಂದಲೇ ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಪ್ರಕಟವಾಯಿತು. ಅಯ್ಯಂಗಾರ್ ಮನೆತನದ ಅವರು ರಾಮಪುರದಲ್ಲಿ ತಂಗಿದ್ದುದು ಪಟೇಲರಿಗೆ ಸೇರಿದ ಮನೆಯಲ್ಲಿ. ತಮ್ಮ ಚಿತ್ರ ಮೇಲುಜಾತಿಯ ಭೂಮಾಲೀಕರ ಕಣ್ಣಿನದು ಎಂದು ಅವರೇ ಒಪ್ಪಿಕೊಂಡಿದ್ದಾರೆ. ಹೊಲಗೇರಿಯ ಜಗಲಿಯಿಂದ, ಹೆಂಗಸರ ಅಡುಗೆಮನೆಯಿಂದ ಕಂಡ ರಾಮಪುರ ಆ ಪುಸ್ತಕದಲ್ಲಿ ತೀರ ಮಸುಕಾಗಿದೆ.