ಕೀಮೋಥೆರಪಿಗೆ ಮಣಿಯುವ ಗಂಟು, ಮಣಿಯದ ಗಂಟು

ವೇಗವಾಗಿ ವಿಭಜನೆಗೊಳ್ಳುವ ಕೋಶಗಳನ್ನು ಔಷಧಗಳಿಂದ ಕೊಲ್ಲುವ ಕೀಮೋಥೆರಪಿಯು ಸ್ತನ ಕ್ಯಾನ್ಸರಿನ ಎಲ್ಲ ರೋಗಿಗಳಲ್ಲಿ ಒಂದೇ ಫಲ ಕೊಡುವುದಿಲ್ಲ. ಗಂಟಿನ ಗಾತ್ರ, ಔಷಧ, ಪ್ರಮಾಣ ಎಲ್ಲವೂ ಒಂದೇ ಆಗಿದ್ದರೂ ಒಬ್ಬರಲ್ಲಿ ಗಂಟು ಪೂರ್ತಿ ಕರಗಿದರೆ ಇನ್ನೊಬ್ಬರಲ್ಲಿ ಕದಲುವುದೇ ಇಲ್ಲ. ರಾಯಚೂರು ಜಿಲ್ಲೆಯ ದೇವದುರ್ಗ ಅಥವಾ ಮಾನ್ವಿ ತಾಲ್ಲೂಕಿನ ಕೂಲಿ ಕುಟುಂಬದ ಹೆಣ್ಣುಮಗಳಿಗೆ ಚಿಕಿತ್ಸೆಯ ಒಂದೊಂದು ಸರದಿಯೂ ದೂರದ ಪ್ರಯಾಣ, ತಪ್ಪಿದ ಕೂಲಿ, ಜೊತೆಗೆ ಬರುವವರ ಖರ್ಚು, ವಾಂತಿ, ಉದುರುವ ಕೂದಲು ಇವೆಲ್ಲವನ್ನೂ ಹೊತ್ತು ತರುವುದರಿಂದ, ಫಲವಿಲ್ಲದ ಸರದಿಯನ್ನು ಮೊದಲೇ ಗುರುತಿಸುವುದರ ಬೆಲೆ ಅಲ್ಲಿ ಮಹಾನಗರಕ್ಕಿಂತ ಹೆಚ್ಚೇ ಹೊರತು ಕಡಿಮೆಯಲ್ಲ.

ಮುಂಗಾಣುವ ಯತ್ನ ಮೊದಲು ಗೆದ್ದದ್ದು ಹಾರ್ಮೋನ್ ಚಿಕಿತ್ಸೆಯಲ್ಲಿ. 1896ರಲ್ಲಿ ಗ್ಲಾಸ್ಗೋದ ಜಾರ್ಜ್ ಬೀಟ್ಸನ್ ಅಂಡಾಶಯ ತೆಗೆದಾಗ ಕೆಲವರ ಗಂಟು ಕುಗ್ಗುವುದನ್ನು ವರದಿ ಮಾಡಿದ್ದರೂ, ಕೆಲವರಲ್ಲಷ್ಟೇ ಏಕೆ ಎಂಬುದಕ್ಕೆ ಉತ್ತರ ದೊರೆತದ್ದು ಷಿಕಾಗೋದಲ್ಲಿ ಎಲ್ವುಡ್ ಜೆನ್ಸನ್ ಈಸ್ಟ್ರೋಜೆನ್ ರಿಸೆಪ್ಟರನ್ನು, ಅಂದರೆ ಆ ಹಾರ್ಮೋನನ್ನು ಹಿಡಿದುಕೊಳ್ಳುವ ಪ್ರೋಟೀನನ್ನು, ಪತ್ತೆಹಚ್ಚಿದ ಮೇಲೆ. ಕೀಮೋಥೆರಪಿಗೆ ಅಂಥ ಒಂದೇ ಕುರುಹು ಸಿಗಲಿಲ್ಲ. 1976ರಲ್ಲಿ ಇಟಲಿಯ ಜಿಯಾನಿ ಬೊನಾಡೊನ್ನಾ ಶಸ್ತ್ರಚಿಕಿತ್ಸೆಯ ನಂತರ ಮೂರು ಔಷಧಗಳನ್ನು ಕೂಡಿಸಿ ಕೊಟ್ಟು ರೋಗ ಮರುಕಳಿಸುವುದು ಕಡಿಮೆಯಾಗುತ್ತದೆಂದು ತೋರಿಸಿದಾಗ, ಯಾರಿಗೆ ಅದು ಬೇಕು ಎಂಬ ಪ್ರಶ್ನೆ ತೀವ್ರವಾಯಿತು. ರೋಗಿಯ ಗಂಟಿನ ಕೋಶಗಳನ್ನೇ ಪ್ರಯೋಗಾಲಯದಲ್ಲಿ ಬೆಳೆಸಿ ಅವುಗಳ ಮೇಲೆ ಔಷಧ ಪ್ರಯೋಗಿಸುವ ವಿಧಾನವನ್ನು ಅರಿಜೋನಾದ ಸಂಶೋಧಕರು 1970ರ ದಶಕದ ಕೊನೆಯಲ್ಲಿ ಮುಂದಿಟ್ಟರು. ಕೇಳಲು ಸರಳವಾದ ಈ ಉಪಾಯ, ಬಹುತೇಕ ಗಂಟುಗಳ ಕೋಶಗಳು ತಟ್ಟೆಯಲ್ಲಿ ಸರಿಯಾಗಿ ಬೆಳೆಯದ ಕಾರಣ, ದಿನನಿತ್ಯದ ಚಿಕಿತ್ಸೆಗೆ ಬರಲಿಲ್ಲ.

ಮುಂದಿನ ತಿರುವು ಚಿಕಿತ್ಸೆಯ ಕ್ರಮವನ್ನೇ ತಿರುಗಿಸಿದ್ದರಿಂದ ಬಂದಿತು. ಅಮೆರಿಕದ ಬರ್ನಾರ್ಡ್ ಫಿಶರ್ ನೇತೃತ್ವದಲ್ಲಿ 1988ರಲ್ಲಿ ಆರಂಭವಾದ ಬಿ-18 ಎಂಬ ಅಧ್ಯಯನದಲ್ಲಿ 1,523 ಮಹಿಳೆಯರ ಪೈಕಿ ಅರ್ಧದಷ್ಟು ಜನರಿಗೆ ಶಸ್ತ್ರಚಿಕಿತ್ಸೆಗೆ ಮೊದಲು, ಉಳಿದವರಿಗೆ ನಂತರ ಅದೇ ಔಷಧಗಳನ್ನು ಕೊಡಲಾಯಿತು. ಎರಡು ಗುಂಪುಗಳ ಆಯುಷ್ಯದಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಮೊದಲೇ ಔಷಧ ಪಡೆದವರಲ್ಲಿ, ತೆಗೆದ ಅಂಗಾಂಶವನ್ನು ಸೂಕ್ಷ್ಮದರ್ಶಕದಡಿ ನೋಡಿದಾಗ ಆಕ್ರಮಣಕಾರಿ ಕ್ಯಾನ್ಸರ್ ಕೋಶವೇ ಉಳಿಯದವರು ಹೆಚ್ಚು ಕಾಲ ಬದುಕಿದರು. ಇದಕ್ಕೆ ರೋಗಶಾಸ್ತ್ರೀಯ ಪೂರ್ಣ ಸ್ಪಂದನೆ ಎನ್ನುತ್ತಾರೆ. ಕೈಗೆ ಗಂಟು ಸಿಗದಂತಾದರೆ ಸಾಲದು, ಏಕೆಂದರೆ ಹಾಗೆ ಕಾಣೆಯಾದ ಎಷ್ಟೋ ಗಂಟುಗಳ ಜಾಗದಲ್ಲಿ ಕೋಶಗಳು ಉಳಿದಿರುತ್ತವೆ. ನಂತರದ ಬಿ-27 ಅಧ್ಯಯನವು ಈ ಅಳತೆಗೋಲಿನ ಮಿತಿಯನ್ನೂ ತೋರಿಸಿತು: ಡೋಸಿಟ್ಯಾಕ್ಸೆಲ್ ಎಂಬ ಔಷಧವನ್ನು ಸೇರಿಸಿದಾಗ ಪೂರ್ಣ ಸ್ಪಂದನೆ ಸುಮಾರು ಶೇ. 13ರಿಂದ 26ಕ್ಕೆ ಏರಿದರೂ ಒಟ್ಟು ಗುಂಪಿನ ಆಯುಷ್ಯ ಗಮನಾರ್ಹವಾಗಿ ಹೆಚ್ಚಲಿಲ್ಲ. 2014ರಲ್ಲಿ ಹನ್ನೆರಡು ಅಧ್ಯಯನಗಳ ಸುಮಾರು ಹನ್ನೆರಡು ಸಾವಿರ ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೂ ಇದನ್ನೇ ಹೇಳಿತು. ಪೂರ್ಣ ಸ್ಪಂದನೆ ಒಬ್ಬ ರೋಗಿಯ ಭವಿಷ್ಯವನ್ನು ಚೆನ್ನಾಗಿ ಸೂಚಿಸುತ್ತದೆ, ಆದರೆ ಎರಡು ಔಷಧಗಳಲ್ಲಿ ಯಾವುದು ಮೇಲು ಎಂದು ತೀರ್ಪು ಕೊಡಲು ಅದೊಂದೇ ಸಾಕಾಗುವುದಿಲ್ಲ.

2000ದಲ್ಲಿ ಸ್ಟ್ಯಾನ್‌ಫರ್ಡ್‌ನ ತಂಡವು ಜೀನುಗಳ ಚಟುವಟಿಕೆಯ ಆಧಾರದಲ್ಲಿ ಸ್ತನ ಕ್ಯಾನ್ಸರನ್ನು ಬಗೆಗಳಾಗಿ ವಿಂಗಡಿಸಿದ ಮೇಲೆ ನಿರೀಕ್ಷೆಗಳು ಗಗನಕ್ಕೇರಿದವು. 21 ಜೀನುಗಳ ಆಂಕೊಟೈಪ್ ಡಿಎಕ್ಸ್ ಪರೀಕ್ಷೆ ಬಂದಿತು. 2018ರಲ್ಲಿ ಪ್ರಕಟವಾದ ಟೇಲರ್-ಎಕ್ಸ್ ಅಧ್ಯಯನವು, ಕಂಕುಳ ಗ್ರಂಥಿಗೆ ಹರಡದ ಹಾರ್ಮೋನ್ ಸ್ಪಂದಿ ಕ್ಯಾನ್ಸರಿನಲ್ಲಿ ಈ ಪರೀಕ್ಷೆ ಕೊಡುವ ಅಂಕ ಮಧ್ಯಮವಾಗಿದ್ದರೆ ಐವತ್ತು ದಾಟಿದ ಬಹುತೇಕರು ಕೀಮೋಥೆರಪಿಯನ್ನು ಬಿಡಬಹುದೆಂದು ತೋರಿಸಿತು. ಬೆಂಗಳೂರಿನ ಆಂಕೊಸ್ಟೆಮ್ ಡಯಾಗ್ನೊಸ್ಟಿಕ್ಸ್ ರೂಪಿಸಿದ ಕ್ಯಾನ್‌ಅಸಿಸ್ಟ್ ಬ್ರೆಸ್ಟ್ ಪರೀಕ್ಷೆಯು ಐದು ಪ್ರೋಟೀನುಗಳನ್ನು ಗಂಟಿನ ಗಾತ್ರ, ದರ್ಜೆ ಮತ್ತು ಗ್ರಂಥಿಗಳ ಸ್ಥಿತಿಯೊಂದಿಗೆ ಗಣಕ ಸೂತ್ರದಲ್ಲಿ ಕೂಡಿಸಿ ರೋಗ ಮರುಕಳಿಸುವ ಅಪಾಯವನ್ನು ಹೇಳುತ್ತದೆ. ಮರುಕಳಿಸುವ ಅಪಾಯ ಕಡಿಮೆ ಎಂದು ತಿಳಿಯುವುದು ಬೇರೆ, ಒಂದು ನಿರ್ದಿಷ್ಟ ಔಷಧಕ್ಕೆ ಗಂಟು ಕರಗುತ್ತದೆಯೇ ಎಂದು ತಿಳಿಯುವುದು ಬೇರೆ. ಜಾಹೀರಾತುಗಳಲ್ಲಿ ಇವೆರಡೂ ಬೆರೆತುಹೋಗುವುದು ಸಾಮಾನ್ಯ.

ಎರಡನೆಯ ಬಗೆಯ ಪರೀಕ್ಷೆಯ ಹಾದಿಯಲ್ಲಿ ಕ್ಷೇತ್ರ ಎಡವಿದ್ದೂ ಉಂಟು. ಜೀನುಗಳ ಆಧಾರದಲ್ಲಿ ಕೀಮೋಥೆರಪಿಯ ಫಲವನ್ನು ಹೇಳಬಲ್ಲೆವೆಂದು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಿಂದ 2006ರಲ್ಲಿ ಬಂದ ಪ್ರಬಂಧವನ್ನು ನಂಬಿ ರೋಗಿಗಳ ಮೇಲೆ ಅಧ್ಯಯನಗಳೇ ನಡೆದವು. ಹ್ಯೂಸ್ಟನ್ನಿನ ಸಂಖ್ಯಾಶಾಸ್ತ್ರಜ್ಞರಾದ ಕೀತ್ ಬ್ಯಾಗರ್ಲಿ ಮತ್ತು ಕೆವಿನ್ ಕೂಂಬ್ಸ್ ಅದೇ ಅಂಕಿಅಂಶಗಳನ್ನು ಮತ್ತೆ ಲೆಕ್ಕ ಹಾಕಿದಾಗ ಜೀನುಗಳ ಹೆಸರುಪಟ್ಟಿಗಳು ಸಾಲು ತಪ್ಪಿದ್ದವು, ಕೆಲವೆಡೆ ಔಷಧಕ್ಕೆ ಸ್ಪಂದಿಸುವ ಮತ್ತು ಸ್ಪಂದಿಸದ ಮಾದರಿಗಳೇ ಅದಲುಬದಲಾಗಿದ್ದವು. 2011ರಲ್ಲಿ ಪ್ರಬಂಧವನ್ನು ಹಿಂತೆಗೆದುಕೊಳ್ಳಲಾಯಿತು. ಇಂದು ಎಂಆರ್‌ಐ ಚಿತ್ರಗಳಿಂದಲೂ ಬಯಾಪ್ಸಿಯ ಡಿಜಿಟಲ್ ಚಿತ್ರಗಳಿಂದಲೂ ಸ್ಪಂದನೆಯನ್ನು ಊಹಿಸುವ ಕೃತಕ ಬುದ್ಧಿಮತ್ತೆಯ ಮಾದರಿಗಳು ತಿಂಗಳಿಗೊಂದರಂತೆ ಬರುತ್ತಿರುವಾಗ ಈ ಪ್ರಕರಣವನ್ನು ನೆನೆಯುವುದು ಒಳ್ಳೆಯದು.

ಯಾರ ಗಂಟು ಕರಗುತ್ತದೆ ಎಂಬ ಪ್ರಶ್ನೆಗೆ ಭಾರತದಲ್ಲಿ ಬೇರೆಯೇ ತೂಕವಿದೆ. ಈಸ್ಟ್ರೋಜೆನ್, ಪ್ರೊಜೆಸ್ಟರಾನ್ ರಿಸೆಪ್ಟರುಗಳೂ ಹರ್-2 ಪ್ರೋಟೀನಿನ ಹೆಚ್ಚಳವೂ ಇಲ್ಲದ ‘ತ್ರಿವಳಿ ನಕಾರಾತ್ಮಕ’ ಬಗೆ ಇಲ್ಲಿ ಶೇ. 31ರಷ್ಟಿದೆ ಎಂದು 2016ರ ಒಂದು ಸಮೀಕ್ಷೆ ಅಂದಾಜಿಸಿತ್ತು. ಪಾಶ್ಚಾತ್ಯ ದೇಶಗಳಲ್ಲಿ ಅದು ಸುಮಾರು ಇದರ ಅರ್ಧದಷ್ಟೇ. ಕೀಮೋಥೆರಪಿಗೆ ಚೆನ್ನಾಗಿ ಕರಗುವುದೂ, ಕರಗದಿದ್ದರೆ ಬೇಗ ಮರುಕಳಿಸುವುದೂ ಇದೇ ಬಗೆ. ಮುಂಬಯಿಯ ಟಾಟಾ ಸ್ಮಾರಕ ಕೇಂದ್ರವು ಈ ರೋಗಿಗಳಿಗೆ ಅಗ್ಗದ ಕಾರ್ಬೊಪ್ಲಾಟಿನ್ ಸೇರಿಸಿ ನಡೆಸಿದ, 2022ರಲ್ಲಿ ಮಂಡಿಸಿದ ಅಧ್ಯಯನದಲ್ಲಿ ಲಾಭ ಮುಖ್ಯವಾಗಿ ಐವತ್ತರೊಳಗಿನವರಲ್ಲಿ ಕಂಡಿತು. ಯಾವ ಜೀನ್ ಪರೀಕ್ಷೆಯೂ ಬೇಡದ ವಯಸ್ಸೇ ಇಲ್ಲಿ ಮುನ್ಸೂಚಕವಾಯಿತು.

ರಾಯಚೂರಿನಿಂದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ನಾನೂರು ಕಿಲೋಮೀಟರಿನ ಆಚೆಗಿದೆ, ಹೈದರಾಬಾದ್ ಅದರ ಅರ್ಧದಷ್ಟು ದೂರ, ಕಿದ್ವಾಯಿಯ ಉಪಕೇಂದ್ರ ಕಲಬುರಗಿಯಲ್ಲಿದೆ. ಹೀಗೆ ಚಿಕಿತ್ಸೆ ಎರಡು ಮೂರು ಊರುಗಳಲ್ಲಿ ಹಂಚಿಹೋಗುವ ಕಡೆ ದುಬಾರಿ ಜೀನ್ ಪರೀಕ್ಷೆಗಿಂತ ಮೊದಲ ಬಯಾಪ್ಸಿಯ ಅಚ್ಚುಕಟ್ಟುತನವೇ ಮುಖ್ಯ. ತೆಗೆದ ತುಣುಕು ಒಂದು ಗಂಟೆಯೊಳಗೆ ಫಾರ್ಮಾಲಿನ್‌ಗೆ ಬಿದ್ದು, ಕನಿಷ್ಠ ಆರು ಗಂಟೆ ಅದರಲ್ಲಿ ನೆನೆಯದಿದ್ದರೆ, ಇರುವ ಹಾರ್ಮೋನ್ ರಿಸೆಪ್ಟರ್ ‘ಇಲ್ಲ’ ಎಂದು ವರದಿಯಾಗಬಹುದು. ಆಗ ಮುಂದಿನ ಎಲ್ಲ ಲೆಕ್ಕಾಚಾರವೂ ತಪ್ಪುತ್ತದೆ.

ಇನ್ನೊಂದು ದಾರಿ ಚಿಕಿತ್ಸೆಯ ಬಳಿಕ ಉಳಿದದ್ದನ್ನು ಅಳೆಯುವುದು. 2007ರಲ್ಲಿ ಹ್ಯೂಸ್ಟನ್ನಿನ ಫ್ರೇಸರ್ ಸಿಮ್ಮನ್ಸ್ ತಂಡವು ಗಂಟಿನ ಜಾಗದ ಉದ್ದಗಲ, ಅದರಲ್ಲಿ ಕೋಶಗಳ ಸಾಂದ್ರತೆ, ಕ್ಯಾನ್ಸರ್ ಹರಡಿದ ಗ್ರಂಥಿಗಳ ಸಂಖ್ಯೆ ಮತ್ತು ಅಲ್ಲಿನ ಅತಿದೊಡ್ಡ ಗಂಟಿನ ಅಳತೆಯಿಂದ ‘ಉಳಿಕೆ ಕ್ಯಾನ್ಸರ್ ಭಾರ’ವನ್ನು ಲೆಕ್ಕಹಾಕುವ ಕ್ರಮ ರೂಪಿಸಿತು, ಇದಕ್ಕೆ ಸೂಕ್ಷ್ಮದರ್ಶಕ ಮತ್ತು ತಾಳ್ಮೆಯ ಪೆಥಾಲಜಿಸ್ಟ್ ಸಾಕು. ಉಳಿಕೆ ಕಂಡವರಿಗೆ ಈಗ ದಾರಿಗಳಿವೆ: ಜಪಾನ್ ಮತ್ತು ಕೊರಿಯಾದ ಕ್ರಿಯೇಟ್-ಎಕ್ಸ್ ಅಧ್ಯಯನ 2017ರಲ್ಲಿ ಕೆಪೆಸಿಟಾಬಿನ್ ಮಾತ್ರೆಯಿಂದ, ವಿಶೇಷವಾಗಿ ತ್ರಿವಳಿ ನಕಾರಾತ್ಮಕ ರೋಗಿಗಳಿಗೆ, ಲಾಭವಿದೆಯೆಂದು ತೋರಿಸಿತು, ಮತ್ತು ಮನೆಯಲ್ಲೇ ನುಂಗಬಹುದಾದ ಮಾತ್ರೆ ದೂರದ ತಾಲ್ಲೂಕುಗಳಿಗೆ ಹೆಚ್ಚು ಒಗ್ಗುತ್ತದೆ. ಉಳಿಕೆಯ ಈ ಅಳತೆ ಸಾಧ್ಯವಾಗಬೇಕಾದರೆ, ಗಂಟು ಕರಗಿದರೂ ಅದರ ಜಾಗ ತಿಳಿಯುವಂತೆ, ಮೊದಲ ಸರದಿಗೆ ಮುನ್ನವೇ ಗಂಟಿನೊಳಗೆ ಪುಟ್ಟ ಲೋಹದ ಗುರುತನ್ನು ಇಟ್ಟಿರಬೇಕು. ರೋಗಿ ಊರು ಬದಲಿಸಿದಾಗ ಮೊದಲ ಬಯಾಪ್ಸಿಯ ತುಣುಕನ್ನು ಕಾಯ್ದಿಟ್ಟ ಮೇಣದ ಬ್ಲಾಕ್ ಕೂಡ ಜೊತೆಗೆ ಹೋಗಬೇಕು, ಏಕೆಂದರೆ ಗಂಟು ಪೂರ್ತಿ ಕರಗಿದವರಲ್ಲಿ ಆ ಬ್ಲಾಕ್ ಬಿಟ್ಟರೆ ಪರೀಕ್ಷಿಸಲು ಬೇರೆ ಕ್ಯಾನ್ಸರ್ ಅಂಗಾಂಶ ಉಳಿದಿರುವುದಿಲ್ಲ.